ಟೈಗರ್ ಏಳುವುದಿಲ್ಲ

ನಾಯಿ ಎಂದ ಮೇಲೆ ಬೊಗಳಬೇಕು. ಕಚ್ಚದಿದ್ದರೆ ಹಾಳಾಗಿ ಹೋಗಲಿ, ಕಡೇಪಕ್ಷ ತಲೆಯನ್ನಾದರೂ ಎತ್ತಬೇಕು. ಉಂಡ ಆಯಾಸಕ್ಕೆ ಮಲಗಿ, ಮಲಗಿದ ಆಯಾಸಕ್ಕೆ ಮತ್ತೆ ಮಲಗುವುದಕ್ಕೆ ಒಂದು ನಾಯಿಯೇ ಬೇಕೆ, ಆ ಕೆಲಸಕ್ಕೆ ತನ್ನ ಭಾವಮೈದುನ ಒಬ್ಬ ಸಾಲದೆ ಎಂಬುದು ದೊಡ್ಡಬಳ್ಳಾಪುರದ ಪಕ್ಕದ ಮಧುರೆಯ ಬೈರೇಶನ ವಾದ. (ಈ ವಾದವನ್ನು ಅವನು ಹೆಂಡತಿ ಪದ್ಮಶ್ರೀಯ ಮುಂದೆ ಒಂದೇ ಒಂದು ಸಲ ಮಂಡಿಸಿದ. ಅಂದು ಸಾರಿಗೆ ಉಪ್ಪು ಬೀಳಲಿಲ್ಲ.)

ತೋಟದ ಬೋರ್‌ವೆಲ್ಲಿನ ಕೇಬಲನ್ನು ಯಾರೋ ಕತ್ತರಿಸಿಕೊಂಡು ಹೋದ ಮೇಲೆ ನಾಯಿ ಸಾಕುವ ಯೋಚನೆ ಅವನಿಗೆ ಬಂದದ್ದು. ದೊಡ್ಡಬಳ್ಳಾಪುರದಲ್ಲಿ ಅವನು ಸೂಪರ್‌ವೈಸರ್ ಆಗಿದ್ದ ಫ್ಯಾಕ್ಟರಿಯ ಮ್ಯಾನೇಜರ್ ಮನೆಯಲ್ಲಿ ಲ್ಯಾಬ್ರಡಾರ್ ಮರಿ ಹಾಕಿತ್ತು. “ಇದು ಸ್ವಲ್ಪ ಶಾಂತ ಸ್ವಭಾವದ್ದು, ಬೈರೇಶ್” ಎಂದು ಮ್ಯಾನೇಜರ್ ಹೇಳಿಯೇ ಕೊಟ್ಟಿದ್ದರು. ಹೆಣ್ಣಿನ ಕಡೆಯವರು ‘ನಮ್ಮ ಹುಡುಗಿಗೆ ಮಾತು ಕಮ್ಮಿ’ ಎಂದಾಗ ನಂಬಿ ಕೆಟ್ಟವನು ಈ ಸಲ ಯಾವ ಮಾತನ್ನೂ ನಂಬಲಿಲ್ಲ. ಮರಿಯನ್ನು ತಂದು, ಟೈಗರ್ ಎಂದು ಹೆಸರಿಟ್ಟು, ಹಾಲಿನ ಡೈರಿ ಮುಂದೆ ನಿಂತವರಿಗೆಲ್ಲ “ಪೊಲೀಸ್‌ನೋರೇ ಸಾಕೋ ಜಾತಿ, ಗೊತ್ತಾ?” ಎಂದು ಹೇಳಿಕೊಂಡು ಬಂದ.

ಟೈಗರ್ ಬಂದ ದಿನ ಅಂಗಳ ದಾಟಿ ಒಳಗೆ ಬಂದು, ಮೂಲೆಯ ಕೋಣೆಯ ಮಂಚದ ಕೆಳಗೆ ಮಡಿಸಿಟ್ಟಿದ್ದ ಹಳೆಯ ಕಂಬಳಿಯನ್ನು ಮೂಸಿ ನೋಡಿ, ಅದರ ಮೇಲೆ ಮಲಗಿತು. ಒಂದು ರೀತಿಯಲ್ಲಿ ನೋಡಿದರೆ ಅದು ಇನ್ನೂ ಎದ್ದಿಲ್ಲ. ಅದರ ಬಟ್ಟಲ ಹಾಲನ್ನು ಪಕ್ಕದ ಮನೆ ಬೆಕ್ಕು ಬಂದು ಕುಡಿದರೆ, ಪಾಪ ಇಕ್ಕಟ್ಟಾಯಿತೇನೋ ಎಂದು ತಾನೇ ಒಂಚೂರು ಸರಿದುಕೊಳ್ಳುತ್ತಿತ್ತು. ಅಂಗಳಕ್ಕೆ ಎತ್ತಿ ತಂದು ಬಿಟ್ಟರೆ ಕೋಳಿ ಅದರ ಬೆನ್ನ ಮೇಲೆ ಹತ್ತಿ ಕೂರುತ್ತಿತ್ತು. ದನದ ಡಾಕ್ಟರು ಬಾಯಿ ಬಿಡಿಸಿ, ಹೊಟ್ಟೆ ಒತ್ತಿ ನೋಡಿ, “ಆರೋಗ್ಯವಾಗಿದೆ ಕಣಯ್ಯ, ನೆಮ್ಮದಿಯಾಗಿದೆ ಅಷ್ಟೆ” ಎಂದರು. ಬೈರೇಶನಿಗೆ ಮೈಯೆಲ್ಲ ಉರಿಯಿತು. ದಿನಕ್ಕೆ ಎರಡು ಬಸ್ಸು ಹತ್ತಿಳಿಯುವ ತನಗಿಲ್ಲದ ನೆಮ್ಮದಿ, ತನ್ನ ಅನ್ನ ತಿನ್ನುವ ಈ ಪ್ರಾಣಿಗೆ ಯಾವ ನ್ಯಾಯ?

“ಬೊಗಳೋ ಮೂದೇವಿ! ಒಂದ್ಸಲ ಬೊಗಳೋ!” ಎಂದು ಅವನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ತಾನೇ ಬೊಗಳಿ ತೋರಿಸಿದ. ಟೈಗರ್ ಆಕಳಿಸಿತು.

“ಬಿಡಿ ಅತ್ಲಾಗೆ. ಮನೇಲಿ ಬೊಗಳೋಕೆ ಒಬ್ರು ಸಾಕು” ಎಂದಳು ಪದ್ಮಶ್ರೀ.

ಅಷ್ಟರಲ್ಲಿ ಹಿರಿಯರ ಹಬ್ಬ ಬಂತು. ಈ ಹಬ್ಬದ ವಿಷಯದಲ್ಲಿ ಬೈರೇಶನ ಎದೆಯಲ್ಲಿ ಒಂದು ಮುಳ್ಳಿತ್ತು. ಹಿತ್ತಲಿನ ಹಲಸಿನ ಮರ ಕಡಿಸಿ ಅವನು ಈ ಮನೆ ಕಟ್ಟಿದಾಗ, ಆ ಮರ ನೆಟ್ಟಿದ್ದ ಅವನಪ್ಪ, “ನಿನ್ ಮನೇಲಿ ಒಂದ್ ಲೋಟ ನೀರೂ ಮುಟ್ಟಲ್ಲ” ಎಂದು ಅವನಿಗೆ ಬೆನ್ನು ತಿರುಗಿಸಿ ಕೂತವನು, ತೀರಿಕೊಳ್ಳುವವರೆಗೂ ಮಗನೊಡನೆ ಮಾತಾಡಲಿಲ್ಲ. ಹಳೇ ಮನೆಯಲ್ಲಿ ದೊಡ್ಡ ಮಗ ಗಂಗಣ್ಣನ ಜೊತೆಗಿದ್ದ, ಅಲ್ಲೇ ಹೋದ. ಎಡೆಯೂ ಪ್ರತಿ ವರ್ಷ ಅಲ್ಲೇ. ಈ ವರ್ಷ ಮಾತ್ರ ಬೈರೇಶ ಹಟಕ್ಕೆ ಬಿದ್ದ.

“ಈ ಸಲ ನಮ್ಮನೇಲೇ ಎಡೆ ಇಕ್ಕೋದು.”

“ಇಕ್ಕು. ಅಪ್ಪ ಬರಲ್ಲ” ಎಂದ ಗಂಗಣ್ಣ. “ಆಣೆ ಮಾಡಿ ಹೋಗವ್ನೆ. ಅದೂ ಅಲ್ದೆ ಒಳಗೆ ನಾಯಿ ಬಿಟ್ಕೊಂಡಿದೀಯ.”

“ಬತ್ತಾನೆ! ಹೆಂಗ್ ಬರಲ್ಲ ನಾನೂ ನೋಡ್ತೀನಿ!”

ಮಹಾಲಯ ಅಮಾವಾಸ್ಯೆಯ ದಿನ ಮೂಲೆಯ ಕೋಣೆಯಲ್ಲಿ ಅಪ್ಪನ ಫೋಟೋ ಇಟ್ಟು, ಅದರ ಮುಂದೆ ಅಗಲವಾದ ಬಾಳೆ ಎಲೆ ಹಾಸಿದರು. ಮುದ್ದೆ, ನಾಟಿ ಕೋಳಿ ಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಪದ್ಮಶ್ರೀ ಕೊನೆಗೆ ಒಂದಿಷ್ಟು ಹಾಗಲಕಾಯಿ ಪಲ್ಯವನ್ನೂ ತಂದಿಟ್ಟಳು.

“ಇದ್ಯಾಕೆ?”

“ಮಾವಂಗೆ ಶುಗರ್ ಇತ್ತಲ್ವಾ?”

“ಸತ್ತೋರ್ಗೂ ಶುಗರ್ ಇರುತ್ತೇನೇ?”

“ಕಜ್ಜಾಯ ಇಟ್ಟಿದೀರ, ಬರದೆ ಇರುತ್ತಾ?”

ಗಂಗಣ್ಣನ ಕೈ ಹಿಡಿದು ಬಂದಿದ್ದ ತಾಯಿ ಗಂಗಲಕ್ಷ್ಮಮ್ಮ, “ಲೋ, ಆ ನಾಯೀನ ಕಟ್ಟಾಕ್ಲಾ ಮೊದ್ಲು. ಹಿರೀಕರು ಉಣ್ಣೋ ಮುಂಚೆ ಎಡೆ ಮುಟ್ಟೀತು” ಎಂದಳು.

“ಅದನ್ನೇನ್ ಕಟ್ಟೋದವ್ವ? ಕಟ್ಟಾಕ್ಬೇಕಾದ್ರೆ ಮೊದ್ಲು ಅದು ಏಳ್ಬೇಕು!” ಎಂದು ಬೈರೇಶ ಎಲ್ಲರೂ ನಗುವಂತೆ ಹೇಳಿ, ಧೂಪ ಹಾಕಿ, ಅಡ್ಡಬಿದ್ದು, ತನ್ನ ಕೈಯಾರೆ ಬಾಗಿಲು ಎಳೆದುಕೊಂಡು ಹೊರಗೆ ಬಂದ. ಧೂಪದ ಹೊಗೆಯಲ್ಲಿ ಮಂಚದ ಕೆಳಗೆ ಯಾರೂ ಬಗ್ಗಿ ನೋಡಲಿಲ್ಲ.

ಹಿರಿಯರು ಉಣ್ಣುವಾಗ ಹೊರಗಿದ್ದವರು ಮಾತಾಡಬಾರದು. ಎಲ್ಲರೂ ಜಗಲಿಯ ಮೇಲೆ ಕೂತರು. ಬೈರೇಶನಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಮುದ್ದೆಯ ಮೇಲೆ ಒಂದು ಬೆರಳಿನ ಗುರುತು ಬಿದ್ದಿದ್ದರೂ ಸಾಕು, ಅಪ್ಪ ಮುಟ್ಟಿದ ಅಂದುಕೊಳ್ಳಬಹುದಿತ್ತು. ಕಡೆಗೆ ಅವ್ವ ಕೆಮ್ಮಿ ಸನ್ನೆ ಮಾಡಿದಳು. ಅವನು ಬಾಗಿಲು ತಳ್ಳಿದ.

ಎಲೆ ಖಾಲಿ! ಮುದ್ದೆ ಇಲ್ಲ, ಕೋಳಿ ಇಲ್ಲ, ವಡೆ ಕಜ್ಜಾಯಗಳ ಸುಳಿವೇ ಇಲ್ಲ. ಎಲೆಯ ನಡುಭಾಗ ತೊಳೆದಿಟ್ಟಂತೆ ಹೊಳೆಯುತ್ತಿತ್ತು.

“ಅಪ್ಪ ಬಂದವ್ನೆ!” ಎಂದು ಬೈರೇಶ ಬೀದಿಗೆಲ್ಲ ಕೇಳುವಂತೆ ಕೂಗಿದ. “ಬಂದ್ಬಿಟ್ಟ ಕಣಣ್ಣ! ಉಂಡವ್ನೆ ನಮ್ಮನೇಲಿ! ನೋಡು, ನಿನ್ ಮನೇಲಿ ಯಾವತ್ತಾದ್ರೂ ಹಿಂಗ್ ಉಂಡಿದ್ನಾ?” ಅವನ ಕಣ್ಣಲ್ಲಿ ದಳದಳ ನೀರು ಇಳಿಯಿತು. ನಾಚಿಕೆಪಡದೆ ಅತ್ತ. ಅಕ್ಕಪಕ್ಕದ ಮನೆಯವರೂ ಓಡಿ ಬಂದು ಬಾಗಿಲಲ್ಲಿ ಕೈಮುಗಿದು ನಿಂತರು. ಗಂಗಣ್ಣನ ಮುಖ ಸಣ್ಣಗಾಯಿತು.

“ಮೂಳೇನೂ ಬಿಟ್ಟಿಲ್ವಲ್ಲೋ” ಎಂದ ಅವನು ಬಗ್ಗಿ ನೋಡುತ್ತ. “ಅಪ್ಪಂಗೆ ಹಲ್ಲೇ ಇರ್ಲಿಲ್ಲ.”

“ಅಲ್ಲಿ ಹೊಸಾ ಹಲ್ಲು ಬಂದಿರುತ್ತೆ, ನಿಂಗ್ಯಾಕೆ ಹೊಟ್ಟೆಕಿಚ್ಚು?”

ಅಷ್ಟರಲ್ಲಿ ಮಂಚದ ಕೆಳಗಿನಿಂದ ಒಂದು ತೇಗು ಕೇಳಿಸಿತು. ದೀರ್ಘವಾದ, ಸಂತೃಪ್ತವಾದ ತೇಗು. ಬಾಗಿಲಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ಹೊಟ್ಟೆ ನೆಲಕ್ಕೆ ತಾಗುವಂತೆ ಟೈಗರ್ ನಿಧಾನವಾಗಿ ಹೊರಗೆ ಬಂದು, ಎಲ್ಲರನ್ನೂ ಒಮ್ಮೆ ನೋಡಿ, ಇಷ್ಟು ಜನರ ಮುಂದೆ ನಿಲ್ಲುವ ಶ್ರಮ ಯಾಕೆಂದು ಅಲ್ಲೇ ಎಲೆಯ ಪಕ್ಕ ಮಲಗಿತು. ಅದರ ಮೂತಿಯ ಮೇಲೆ ಕೋಳಿ ಸಾರು ಇನ್ನೂ ಒಣಗಿರಲಿಲ್ಲ.

ಗಂಗಣ್ಣ ನಕ್ಕ ನಗುವಿಗೆ ಜಗಲಿ ಅಲುಗಾಡಿತು. ಬೈರೇಶನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಹುಟ್ಟಿದಾಗಿನಿಂದ ಒಂದೂ ಕೆಲಸ ಮಾಡದ ಪ್ರಾಣಿ, ಮಾಡಿದ ಒಂದೇ ಒಂದು ಕೆಲಸ ಇದು! “ಇವತ್ತು ನಿನ್ನ ಬಿಟ್ರೆ ಕೇಳು!” ಎಂದು ಮೂಲೆಯ ದೊಣ್ಣೆ ಎತ್ತಿದ.

“ಇಳ್ಸು ಕೈಯ್ಯ!” ಗಂಗಲಕ್ಷ್ಮಮ್ಮ ನಡುವೆ ಬಂದಳು. ಅವಳು ನೋಡುತ್ತಿದ್ದದ್ದು ನಾಯಿಯನ್ನಲ್ಲ, ಎಲೆಯನ್ನು. ಎಲೆಯ ಅಂಚಿನಲ್ಲಿ ಹಾಗಲಕಾಯಿ ಪಲ್ಯ ಇಟ್ಟಂತೆಯೇ ಇತ್ತು. “ನಾನ್ ಬಡ್ಸಿದ್ ಹಾಗಲಕಾಯೀನ ಜೀವ ಇರೋಗಂಟ ಹಿಂಗೇ ಅಂಚಿಗೆ ತಳ್ಳಿದ್ರು” ಎಂದಳು ಮೆಲ್ಲಗೆ. “ದಿನಾ ಮಲಗೋದೂ ಅವ್ರು ಹೋದ್ಮೇಲೆ ನೀನ್ ತಂದಿಟ್ಕೊಂಡಿದ್ ಅವ್ರ ಕಂಬಳಿ ಮ್ಯಾಲೆ. ಉಣ್ಣೋದು, ತೇಗೋದು, ಅಲ್ಲೇ ಉರುಳ್ಕೊಳೋದು. ಇನ್ನೇನ್ಲಾ ಗುರುತು ಬೇಕು ನಿಮ್ಗೆ?”

“ಅವ್ವ, ಬೀಡಿ ಮುಟ್ಟಿಲ್ವಲ್ಲ?” ಎಂದ ಗಂಗಣ್ಣ. ನಗು ನಿಂತಿತ್ತು.

“ಡಾಕ್ಟ್ರು ಬಿಡ್ಸಿರ್ಲಿಲ್ವಾ ಕೊನೇಲಿ?” ಎಂದು ಅವಳು ನಾಯಿಯ ಮುಂದೆ ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

ಮಾರನೆಯ ಬೆಳಿಗ್ಗೆ ಗಂಗಲಕ್ಷ್ಮಮ್ಮ ಬಟ್ಟೆ ಗಂಟು, ಎಲೆಯಡಿಕೆ ಚೀಲದ ಸಮೇತ ಬೈರೇಶನ ಮನೆಗೇ ಬಂದುಬಿಟ್ಟಳು. ಯಜಮಾನರು ಎಲ್ಲಿದ್ದಾರೋ ತಾನೂ ಅಲ್ಲೇ ಎಂದಳು. ಟೈಗರ್ ಮಂಚದ ಕೆಳಗಿನಿಂದ ಮಂಚದ ಮೇಲಕ್ಕೆ ಬಡ್ತಿ ಪಡೆಯಿತು. ಮೊದಲ ಮುದ್ದೆ ಅದಕ್ಕೆ, ಎರಡನೆಯದು ಬೈರೇಶನಿಗೆ. ಅದನ್ನು ಟೈಗರ್ ಎಂದು ಕರೆಯುವುದೂ ನಿಂತಿತು. ಗಂಡನ ಹೆಸರನ್ನೇ ಹೇಳದ ಅವ್ವ ಇಂಗ್ಲಿಷ್ ಹೆಸರು ಹೇಳಿಯಾಳೇ? ಗಂಗಣ್ಣ ಭಾನುವಾರ ತಪ್ಪದೆ ಕೋಳಿ ತೊಡೆ ತಂದು, “ದೊಡ್ಡ ಮಗ ನಾನು, ಅಪ್ಪ ಆರ್ ತಿಂಗ್ಳು ನಮ್ಮನೇಲಿ ಇರ್ಬೇಕು” ಎಂದು ಪಂಚಾಯ್ತಿ ಶುರುಮಾಡಿದ. ಈ ನಡುವೆ ಬೋರ್‌ವೆಲ್ ಕೇಬಲ್ ಮತ್ತೊಮ್ಮೆ ಕಳುವಾಯಿತು. ಬೈರೇಶ ಕೋಣೆಗೆ ನುಗ್ಗಿ ಬಾಯಿ ತೆರೆದನಷ್ಟೆ. “ಅಪ್ಪನ ಮುಂದೆ ದನಿ ಏರಿಸ್ತೀಯಾ?” ಎಂದು ಅವ್ವ ಬಾಗಿಲು ಹಾಕಿಕೊಂಡಳು.

ಎಲ್ಲ ಮೂಢನಂಬಿಕೆ ಎಂದು ಬೈರೇಶ ಫ್ಯಾಕ್ಟರಿಯಲ್ಲಿ ಎಲ್ಲರ ಮುಂದೆ ನಕ್ಕ. ಆದರೆ ಒಂದು ಮಧ್ಯಾಹ್ನ, ಅವ್ವ ಸಂತೆಗೆ ಹೋಗಿದ್ದಾಗ, ಆಚೆ ಈಚೆ ನೋಡಿ ಮಂಚದ ಬಳಿ ಕುಕ್ಕರಗಾಲಲ್ಲಿ ಕೂತ.

“ಅಪ್ಪಾ” ಎಂದ. “ಆ ಹಲಸಿನ ಮರದ್ದು ತಪ್ಪಾಯ್ತು ಕಣಪ್ಪ. ಹೊಟ್ಟೆಗೆ ಹಾಕ್ಕೊಂಬಿಡು.”

ನಾಯಿ ಒಂದು ಕಣ್ಣು ತೆರೆದು ಅವನನ್ನು ದಿಟ್ಟಿಸಿ ನೋಡಿತು. ನಿಟ್ಟುಸಿರು ಬಿಟ್ಟಿತು. ಆಮೇಲೆ ಕಷ್ಟಪಟ್ಟು ಮಗ್ಗುಲು ಬದಲಿಸಿ, ಅವನಿಗೆ ಬೆನ್ನು ತಿರುಗಿಸಿ ಮಲಗಿತು.

ಅಡುಗೆಮನೆಯಿಂದ ಪದ್ಮಶ್ರೀಯ ದನಿ ಬಂತು. “ಏನ್ರೀ, ಮಾವ ಏನಂದ್ರು?”

“ಇನ್ನೂ ಮಾತು ಬಿಟ್ಟವ್ನೆ ಕಣೇ!” ಎಂದ ಬೈರೇಶ ಉರಿದುಕೊಂಡು.