ಮುಚ್ಚಳದ ಮೇಲಿನ ಕ್ಯಾರಿಯರ್

"ಒಂದೇ ಟ್ರಿಪ್ಪು! ಎರಡನೇ ಟ್ರಿಪ್ಪು ಹೊಡೆದರೆ ನನ್ನ ಹೆಸರು ಚೆನ್ನಯನೇ ಅಲ್ಲ!"

ಹೀಗೆಂದು ನಾನು ಘೋಷಿಸಿದ್ದು ಘಾಟ್ಕೋಪರ್‌ನ ನಮ್ಮ ಅಡುಗೆಮನೆಯಲ್ಲಿ, ಉದ್ದು ರುಬ್ಬುತ್ತಿದ್ದ ಹೆಂಡತಿ ವಿನೋದಿನಿಯ ಎದುರು. ದೊಡ್ಡವರೆಲ್ಲ ಪ್ರತಿಜ್ಞೆಯನ್ನು ಯುದ್ಧಭೂಮಿಯಲ್ಲಿ ಮಾಡುತ್ತಾರಂತೆ. ನನಗೆ ಸಿಕ್ಕಿದ್ದು ಗ್ರೈಂಡರಿನ ಪಕ್ಕದ ಜಾಗ. ಅವಳು ತಲೆ ಕೂಡ ಎತ್ತಲಿಲ್ಲ.

"ಹೆಸರು ಬದಲಾಯಿಸ್ಲಿಕ್ಕೆ ಆಧಾರ್ ಕಾರ್ಡಿಂದ ಶುರು ಮಾಡ್ಬೇಕು. ಅದಕ್ಕಿಂತ ಎರಡು ಟ್ರಿಪ್ಪು ಹೊಡೆಯುದು ಸುಲಭ ಮಾರಾಯ್ರೆ," ಎಂದಳು.

ವಿಷಯ ಇಷ್ಟೆ. ಬಿಲ್ಡಿಂಗಿನವರಿಗೆ ದೋಸೆ ಹಿಟ್ಟು ಮಾಡಿಕೊಡುತ್ತಿದ್ದ ವಿನೋದಿನಿಗೆ ಮೊದಲ ಬಾರಿ ದೊಡ್ಡ ಆರ್ಡರ್ ಬಂದಿತ್ತು. ಮಾಟುಂಗದ ಕನ್ನಡ ಸಂಘದ ವಾರ್ಷಿಕ ಸಭೆಗೆ ಭಾನುವಾರ ಬೆಳಗಿನ ತಿಂಡಿ! ಮಾಟುಂಗದಲ್ಲಿ ದೋಸೆ ಬಡಿಸಲು ಹೋಗುವುದೆಂದರೆ ಸಮುದ್ರಕ್ಕೆ ಉಪ್ಪು ಹೊತ್ತ ಹಾಗೆ. ಅಲ್ಲಿ ಕುಳಿತವರಲ್ಲಿ ಅರ್ಧ ಜನ ಹೊಟೇಲಿನವರು, ಉಳಿದರ್ಧ ಅವರ ಬೀಗರು. ಸಂಘದ ಕಾರ್ಯದರ್ಶಿ ಶಶಿಕಾಂತಣ್ಣ ಫೋನಿನಲ್ಲೇ ಹೇಳಿಬಿಟ್ಟಿದ್ದರು: "ನೋಡಮ್ಮ, ಈ ಸಲ ದೋಸೆ ಎಲ್ಲರಿಗೂ ಒಪ್ಪಿಗೆ ಆದ್ರೆ ಇನ್ನು ವರ್ಷ ಇಡೀ ಸಂಘದ ತಿಂಡಿ ನಿಂದೇ. ಸಭೆ ಶುರುವಾಗುವ ಮೊದಲು ಎಲ್ಲರದ್ದೂ ಆಗ್ಬೇಕು. ಇಲ್ಲದಿದ್ರೆ ಮತ್ತೆ ನನ್ನನ್ನು ಕೇಳ್ಬೇಡ." ಅವಳು ಆ ರಾತ್ರಿಯಿಡೀ ನಿದ್ದೆಯಲ್ಲೂ ಕಾವಲಿ ಒರೆಸುತ್ತಿದ್ದಳು.

ಹೆಂಡತಿಯ ಕೆರಿಯರ್ ಎಂದ ಮೇಲೆ ಗಂಡನ ಕೊಡುಗೆ ಬೇಡವೇ? ನಾನು ಕ್ಯಾರಿಯರ್ ಕೊಟ್ಟೆ.

ನಮ್ಮಲ್ಲೊಂದು ಸೆಕೆಂಡ್ ಹ್ಯಾಂಡ್ ಪಿಕಪ್ ಗಾಡಿ ಇದೆ. ಅದರ ಹಿಂಭಾಗದ ತೊಟ್ಟಿಗೆ ಫೈಬರಿನ ಗಟ್ಟಿ ಮುಚ್ಚಳ ಹಾಕಿಸಿದ್ದೆ, ಪಾರಿವಾಳಗಳ ಕಾಟಕ್ಕೆ. ನಮ್ಮ ಸೊಸೈಟಿಯಲ್ಲಿ ಪಾರಿವಾಳಗಳಿಗೆ ಮೆಂಬರ್‌ಶಿಪ್ ಒಂದಿಲ್ಲ, ಬಾಕಿ ಎಲ್ಲ ಹಕ್ಕೂ ಇದೆ. ಈ ಮುಚ್ಚಳ ಟ್ರಂಕಿನ ಮುಚ್ಚಳದ ಹಾಗೆ ಹಿಂದಿನಿಂದ ಮೇಲಕ್ಕೇಳುತ್ತದೆ; ಅದರ ಕೆಳಗಿನ ಹಿಂದಿನ ಬಾಗಿಲು ಹಲಗೆಯ ಹಾಗೆ ಹೊರಕ್ಕೆ ಅಡ್ಡ ಬೀಳುತ್ತದೆ. ತೊಟ್ಟಿಯೊಳಗೆ ಹಿಟ್ಟಿನ ಪಾತ್ರೆ ಹಿಡಿಯುತ್ತದೆ. ಮಡಚುವ ಮೇಜು, ಗ್ಯಾಸ್ ಒಲೆ, ಮಂಚದಗಲದ ಕಾವಲಿ ಹಿಡಿಯುವುದಿಲ್ಲ. ಹಾಗಾಗಿ ಕುರ್ಲಾದಿಂದ ಒಂದು ಕಬ್ಬಿಣದ ಕ್ಯಾರಿಯರ್ ತಂದೆ. ನಾಲ್ಕು ಕಾಲು, ಮೇಲೆ ಅಡ್ಡಪಟ್ಟಿಗಳು. ಕಾಲುಗಳನ್ನು ತೊಟ್ಟಿಯ ಅಂಚಿಗೆ ಬಿಗಿದರೆ ಮುಚ್ಚಳದ ಮೇಲೊಂದು ಮಹಡಿಯೇ ಸಿದ್ಧ! ಮುಂಬಯಿಯಲ್ಲಿ ಬಿಲ್ಡರುಗಳು ಇಷ್ಟು ಬೇಗ ಎಫ್‌ಎಸ್‌ಐ ಗಿಟ್ಟಿಸಿ ಮಹಡಿ ಏರಿಸಿದ್ದನ್ನು ನಾನು ಕಂಡಿಲ್ಲ.

ಭಾನುವಾರ ಬೆಳಿಗ್ಗೆ ಹಿಟ್ಟಿನ ಎರಡು ದೊಡ್ಡ ಪಾತ್ರೆಗಳನ್ನು ತೊಟ್ಟಿಗೇರಿಸಿ ಮುಚ್ಚಳ ಹಾಕಿದೆ. ಮೇಲೆ ಕ್ಯಾರಿಯರ್ ಕೂರಿಸಿದೆ. ಕಳ್ಳರು ಬಿಚ್ಚದಂತೆ ಅದರ ಬೋಲ್ಟುಗಳಿಗೆ ಒಂದು ವಿಶೇಷ ಕೀಲಿ ಇತ್ತು. ಬಲವೆಲ್ಲ ಹಾಕಿ ಬಿಗಿದೆ. ಮೇಜು, ಒಲೆ, ಕಾವಲಿ ಎಲ್ಲವನ್ನೂ ಮೇಲೇರಿಸಿ ಹಗ್ಗ ಕಟ್ಟಿ, ಸೊಂಟಕ್ಕೆ ಕೈಯಿಟ್ಟು ನಿಂತೆ.

ವಿನೋದಿನಿ ಚಟ್ನಿ ಪಾತ್ರೆ ಅಪ್ಪಿಕೊಂಡು ಬಂದವಳು ಎರಡು ನಿಮಿಷ ನೋಡಿದಳು.

"ಈಗ ಈ ಮುಚ್ಚಳ ಏಳ್ತದಾ?"

"ಏಳದೆ ಏನು?" ಎಂದು ಹಿಂದಿನಿಂದ ಎತ್ತಿ ತೋರಿಸಿದೆ. ಎದ್ದಿತು. ನಾಲ್ಕು ಬೆರಳಷ್ಟು ಎದ್ದು, ಕ್ಯಾರಿಯರಿನ ಪಟ್ಟಿಗೆ 'ಠಣ್' ಎಂದು ಬಡಿದು ನಿಂತಿತು. ಆ ಕ್ಷಣದಲ್ಲಿ ಬುದ್ಧಿವಂತನಾದವನು ಯೋಚಿಸುತ್ತಿದ್ದ. ನಾನು ಮಾನ ಉಳಿಸಿಕೊಳ್ಳಲು ಹೊರಟೆ.

"ನೋಡು, ಸಣ್ಣಪುಟ್ಟ ಸಾಮಾನು ಹಾಕಲಿಕ್ಕೆಂದೇ ಸಂದು ಬಿಟ್ಟದ್ದು!" ಎಂದವನೇ ಕೈಯಲ್ಲಿದ್ದ ಕೀಲಿಯನ್ನು ಆ ಸಂದಿನಿಂದ ಒಳಗೆ ಹಾಕಿದೆ. ಭದ್ರವಾಗಿರಲಿ ಎಂದು!

ಕೀಲಿ ಎಲ್ಲೋ ದೂರದಲ್ಲಿ 'ಟಿಣಿಂಗ್' ಎಂದಿತು. ಮುಚ್ಚಳ ತೆರೆಯಲು ಕ್ಯಾರಿಯರ್ ಬಿಚ್ಚಬೇಕು. ಕ್ಯಾರಿಯರ್ ಬಿಚ್ಚಲು ಕೀಲಿ ಬೇಕು. ಕೀಲಿಗಾಗಿ ಮುಚ್ಚಳ ತೆರೆಯಬೇಕು. ಇದು ನನಗೆ ಹೊಳೆದದ್ದು ಸಯನ್ ಸಿಗ್ನಲ್ಲಿನಲ್ಲಿ. ಅಲ್ಲಿಯವರೆಗೆ ನಾನು ಸಿಳ್ಳೆ ಹಾಕುತ್ತಿದ್ದೆ.

"ಯಾಕೆ ಸಿಳ್ಳೆ ನಿಂತಿತು?" ವಿನೋದಿನಿ ಕೇಳಿದಳು.

ಹೇಳಿದೆ. ಅವಳು ಬೈಯಲಿಲ್ಲ. ಚಟ್ನಿ ಪಾತ್ರೆಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ನಿಜ ಹೇಳುತ್ತೇನೆ, ಬೈದಿದ್ದರೆ ನನಗೆ ಸ್ವಲ್ಪ ಹಾಯೆನಿಸುತ್ತಿತ್ತು.

ಅಷ್ಟರಲ್ಲಿ ಪಕ್ಕದ ರಿಕ್ಷಾದವನು ತಲೆ ಹೊರಗೆ ಹಾಕಿ ಕೂಗಿದ: "ಅಂಕಲ್, ಪೀಛೇ ಸೇ ದೂಧ್ ಗಿರ್ ರಹಾ ಹೈ!"

ಹಿಂದಿನಿಂದ ಸುರಿಯುತ್ತಿದ್ದದ್ದು ಹಾಲಲ್ಲ. ಮೇ ತಿಂಗಳ ಬಿಸಿಲಿಗೆ ಫೈಬರ್ ಮುಚ್ಚಳದ ಕೆಳಗೆ ಹಿಟ್ಟು ಉಬ್ಬಿ, ಪಾತ್ರೆಗೆ ಮುಚ್ಚಿದ್ದ ತಟ್ಟೆಯನ್ನು ನೂಕಿ, ಮಾಟುಂಗಕ್ಕೆ ನಮಗಿಂತ ಮೊದಲು ನಡೆದೇ ಹೋಗುವ ತಯಾರಿಯಲ್ಲಿತ್ತು. ಸಿಗ್ನಲ್ಲಿನಿಂದ ಸಂಘದ ಗೇಟಿನವರೆಗೂ ರಸ್ತೆಗೆ ಒಂದು ಬಿಳಿ ಗೆರೆ ಎಳೆದುಕೊಂಡು ಬಂದೆವು. ಮುನ್ಸಿಪಾಲಿಟಿಯವರು ಎಳೆದದ್ದಕ್ಕಿಂತ ನೆಟ್ಟಗಿತ್ತು!

ಸಂಘದ ಅಂಗಳದಲ್ಲಿ ಜನ ಆಗಲೇ ಸೇರಿದ್ದರು. ಮೇಜು ಇಳಿಸಿದೆವು, ಒಲೆ ಹೊತ್ತಿಸಿದೆವು, ಕಾವಲಿ ಕಾಯಿತು. ಹಿಟ್ಟು ಮಾತ್ರ ಒಳಗೆ.

"ಹಿಂದಿನ ಬಾಗಿಲಾದರೂ ತೆಗೀರಿ," ವಿನೋದಿನಿ ಪಿಸುಗುಟ್ಟಿದಳು.

"ಅದು ಮುಚ್ಚಳದ ಅಂಚಿನ ಅಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಮೊದಲು ಮುಚ್ಚಳ ತೆರೆಯಬೇಕು, ಆಮೇಲೆ ಬಾಗಿಲು. ಅದು ನಿಯಮ!" ಎಂದೆ, ಗಾಡಿಯ ಬಗ್ಗೆ ಹೆಂಗಸರಿಗೆ ತಿಳಿಹೇಳುವ ಗಂಡಸರ ದನಿಯಲ್ಲಿ.

ಅವಳು ನನ್ನ ಮುಖವನ್ನೂ ಸಂದನ್ನೂ ನೋಡಿದಳು. ಉದ್ದ ಹಿಡಿಯ ಸೌಟನ್ನು ನನ್ನ ಕೈಗೆ ಕೊಟ್ಟಳು.

"ನಾಲ್ಕು ಬೆರಳು ಏಳ್ತದಲ್ಲ? ಸೌಟು ಹಾಕಿ. ತೆಗ್ದು ಕೊಡಿ. ನಾನು ಹೊಯ್ತೇನೆ."

ಶುರುವಾಯಿತು! ಎಡಗೈಯಲ್ಲಿ ಮುಚ್ಚಳ ಎತ್ತಿ ಹಿಡಿದು, ಬಲಗೈಯನ್ನು ಸಂದಿನೊಳಗೆ ತೂರಿಸಿ, ಒಂದೊಂದೇ ಸೌಟು ಹಿಟ್ಟು ಹೊರಗೆ. ಅವಳು ಬಟ್ಟಲಿಗೆ ತುಂಬಿಸಿಕೊಂಡು ಕಾವಲಿಗೆ ಹೊಯ್ದಳು. 'ಚುಂಯ್' ಎಂಬ ಸದ್ದಿಗೆ ಸಾಲು ನಿಂತಿತು. ಬಿಸಿಬಿಸಿ, ಜಾಲರಿಯಂಥ ದೋಸೆ! ಶಶಿಕಾಂತಣ್ಣ ತಟ್ಟೆ ಹಿಡಿದು ಬಂದರು.

"ಎಂಥದು ಚೆನ್ನಯ, ಗಾಡಿಯಿಂದಲೇ ಲೈವ್ ಕೌಂಟರಾ?"

"ನನ್ನದೇ ಐಡಿಯಾ! ಧೂಳಿಲ್ಲ, ನೊಣ ಇಲ್ಲ. ಹಿಟ್ಟಿಗೆ ಹೊರಗಿನ ಗಾಳಿಯೇ ತಾಗ್ಲಿಕ್ಕಿಲ್ಲ," ಎಂದೆ.

ವಿನೋದಿನಿ ದೋಸೆ ಮಗುಚುವ ಸಟ್ಟುಗವನ್ನು ಒಂದು ಕ್ಷಣ ನನ್ನ ಕಡೆಗೆ ತಿರುಗಿಸಿ, ಮತ್ತೆ ದೋಸೆಯ ಕಡೆಗೆ ಒಯ್ದಳು.

ಆದರೆ ಹಿಟ್ಟು ಇಳಿಯುತ್ತಾ ಹೋದಂತೆ ನನ್ನ ಕೈಯೂ ಒಳಗೆ ಹೋಗಬೇಕಾಯಿತು. ಮೊದಲು ಮೊಣಕೈ, ಆಮೇಲೆ ಭುಜ. ಕೊನೆಗೆ ಕೆನ್ನೆಯನ್ನು ಹಿಂದಿನ ಬಾಗಿಲಿಗೆ ಒತ್ತಿ, ಇಡೀ ಮೈಭಾರ ಅದರ ಮೇಲೆ ಹಾಕಿ ನೇತಾಡುತ್ತಿದ್ದೆ. ಸೌಟು ಪಾತ್ರೆಯ ಗೋಡೆಗೆ ಬಡಿಯುತ್ತಿತ್ತೇ ಹೊರತು ತಳ ಮುಟ್ಟಲಿಲ್ಲ. ಎರಡನೇ ಪಾತ್ರೆಯಂತೂ ತೊಟ್ಟಿಯ ಆ ತುದಿಯಲ್ಲಿತ್ತು. ಕಾವಲಿ ಖಾಲಿಯಾಗಿ ಹೊಗೆಯಾಡಿತು. ಸಾಲಿನಲ್ಲಿ ಇನ್ನೂ ಅರ್ಧದಷ್ಟು ಜನ. ಒಳಗೆ ಯಾರೋ ಮೈಕು ಪರೀಕ್ಷೆ ಮಾಡತೊಡಗಿದರು. ಶಶಿಕಾಂತಣ್ಣ ವಾಚು ನೋಡಿಕೊಂಡರು.

"ಎಂತ ಮಾಡುದು ಈಗ?" ವಿನೋದಿನಿ ಸಟ್ಟುಗ ಕೆಳಗಿಟ್ಟಳು. ಅವಳ ಕಣ್ಣಲ್ಲಿ ನೀರು ಬಂದದ್ದು ಹೊಗೆಗಲ್ಲ ಎಂದು ನನಗೆ ಗೊತ್ತಾಯಿತು.

ಆಗ ಬಂದರು ಶೀಲಾವತಿಯಕ್ಕ. ಸಂಘದ ಮಹಿಳಾ ವಿಭಾಗದ ಹಿರಿಯರು. ಮಂಡಿನೋವಿನವರು. ಒಂದು ಕೈಯಲ್ಲಿ ದೋಸೆಯ ತಟ್ಟೆ, ಕಣ್ಣು ಕೂರುವ ಜಾಗಕ್ಕಾಗಿ ಸುತ್ತ. ನನ್ನ ಪಕ್ಕಕ್ಕೆ ಬಂದು, "ಸ್ವಲ್ಪ ಅತ್ತ ಸರೀರಿ ಮಾರಾಯ್ರೆ," ಎಂದು ಹಿಂದಿನ ಬಾಗಿಲಿನ ಹಿಡಿ ಎಳೆದೇಬಿಟ್ಟರು.

ಮುಚ್ಚಳವನ್ನು ನಾನು ನಾಲ್ಕು ಬೆರಳು ಎತ್ತಿ ಹಿಡಿದಿದ್ದೆ ತಾನೆ? ಬಾಗಿಲು ಅಂಚಿನಿಂದ ಬಿಡಿಸಿಕೊಳ್ಳಲು ಒಂದೇ ಬೆರಳು ಸಾಕಿತ್ತು! ಬಾಗಿಲು 'ಧಡ್' ಎಂದು ಅಡ್ಡ ಬಿತ್ತು. ಬಾಗಿಲಿನ ಜೊತೆ ನಾನೂ ಬಾಗಿದೆ. ಮೂಗು ನೇರ ಹಿಟ್ಟಿನ ಪಾತ್ರೆಯ ಅಂಚಿಗೆ.

ಯಾರೋ ಇಬ್ಬರು ಬಂದು, ಮೊದಲು ಪಾತ್ರೆಗಳನ್ನು, ಆಮೇಲೆ ನನ್ನನ್ನು ಹೊರಗೆಳೆದರು. ಕೀಲಿಯೂ ಸಿಕ್ಕಿತು, ಯಾರಿಗೂ ಬೇಕಾಗಿರಲಿಲ್ಲ. ವಿನೋದಿನಿ ಕಣ್ಣೊರೆಸಿಕೊಂಡು ಕಾವಲಿಗೆ ನೀರು ಚಿಮುಕಿಸಿದಳು. ಆಮೇಲೆ ಅವಳ ಕೈ ಓಡಿದ್ದನ್ನು ನೋಡಬೇಕಿತ್ತು. ಸಭೆಯ ಗಂಟೆ ಬಾರಿಸುವ ಹೊತ್ತಿಗೆ ಸಾಲಿನ ಕೊನೆಯವರೂ ಬಾಯಿ ಒರೆಸಿಕೊಳ್ಳುತ್ತಿದ್ದರು. ಶಶಿಕಾಂತಣ್ಣ ಎರಡನೇ ಸಲ ಚಟ್ನಿ ಹಾಕಿಸಿಕೊಂಡು, "ವರ್ಷ ಇಡೀ ನೀನೇ, ಮುಗೀತು," ಎಂದು ಒಳಗೆ ಹೋದರು.

ಶೀಲಾವತಿಯಕ್ಕ ಮಾತ್ರ ಅಡ್ಡ ಬಿದ್ದ ಬಾಗಿಲ ಮೇಲೆ ಹಾಯಾಗಿ ಕುಳಿತು, ಕಾಲು ಆಡಿಸುತ್ತಾ ಮೂರನೇ ದೋಸೆ ತಿನ್ನುತ್ತಿದ್ದರು.

"ಒಳ್ಳೆ ಬೆಂಚು ಉಂಟು ವಿನೋದಿನಿ ಇದು. ಮಂಡಿನೋವಿನವರಿಗೆ ಹೇಳಿ ಮಾಡಿಸಿದ ಹಾಗೆ! ನಿನ್ನ ಗಂಡ ಮಾಡಿದ್ದಾ?"

ನಾನು ಹಿಟ್ಟು ಮೆತ್ತಿದ ಮೂಗನ್ನು ಒರೆಸಿಕೊಂಡು, ವಿನಯದಿಂದ ನಗಲು ಸಿದ್ಧನಾದೆ.

"ಅಲ್ಲ ಅಕ್ಕ, ಅದು ಕಂಪೆನಿಯವರು ಮಾಡಿದ್ದು," ವಿನೋದಿನಿ ಕಾವಲಿಯಿಂದ ಕಣ್ಣೆತ್ತದೆ ಹೇಳಿದಳು. "ಇವರು ಮಾಡಿದ್ದು ಮೇಲೆ ಉಂಟು ನೋಡಿ. ಅದ್ರಲ್ಲಿ ಕೂತ್ಕೊಳ್ಳಲಿಕ್ಕೂ ಆಗುದಿಲ್ಲ."