ಟಾಪ್ ಗೇರಿನ ಮಾವ

ಬೆಳಗ್ಗೆ ಫೋನಿನಲ್ಲಿ ಮಾವ ಹೇಳಿದ್ದು ಎರಡೇ ಮಾತು. ಸಂಜೆಯ ರೈಲಿಗೆ ಬರುತ್ತೇನೆ, ಬಂದು ಕಾರು ನೋಡುತ್ತೇನೆ. ಅದನ್ನೇ ಎಷ್ಟು ಜೋರಾಗಿ ಹೇಳಿದರೆಂದರೆ, ಅಳಿಯ ಫೋನನ್ನು ಕಿವಿಯಿಂದ ಮೊಳ ದೂರ ಹಿಡಿದರೂ ಅಡುಗೆಮನೆಯಲ್ಲಿದ್ದ ಹೆಂಡತಿಗೆ ಕೇಳಿಸಿತು. ಅಪ್ಪನದು ಡ್ರೈವಿಂಗ್ ಸ್ಕೂಲ್ ನಡೆಸಿದ ಗಂಟಲು, ಈಚೆಗೆ ಇನ್ನಷ್ಟು ಜೋರಾಗಿದೆ ಎಂದು ಅವಳು ನಕ್ಕಳು. ಅವಳ ಗಂಡನಿಗೆ ನಗು ಬರಲಿಲ್ಲ. ಅವನು ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟುಕೊಂಡಿದ್ದ ಸಾಧು ಮನುಷ್ಯ.

ಕಾರು ಮಾವನದೇ. ಚೆನ್ನಾಗಿ ನೋಡಿಕೋ, ಇಲ್ಲದಿದ್ದರೆ ನಿನ್ನ ಷಡ್ಡಕನಿಗೆ ಕೊಟ್ಟುಬಿಡುತ್ತೇನೆ ಎಂದು ಹೇಳಿಯೇ ಬೀಗದಕೈ ಕೊಟ್ಟಿದ್ದರು. ಅಳಿಯನಿಗೆ ಹುಟ್ಟಿದ ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಅದರಲ್ಲೇ. ಕನ್ನಡಕದವನಿಗೆ ಆ ಕಾರೆಂದರೆ ಜೀವ. ಆದರೆ ಅವನ ಮನೆ ಇದ್ದದ್ದು ದಿಬ್ಬದ ನಡುವೆ, ಕೆಳಗೆ ಸ್ಟೇಷನ್ನು, ಮೇಲೆ ಹೆದ್ದಾರಿ. ದಿಬ್ಬ ಹತ್ತುವಾಗೆಲ್ಲ ಎಂಜಿನ್ನು ಡಬ್ಬಿಯಲ್ಲಿ ಗೋಲಿ ಕುಲುಕಿದ ಹಾಗೆ ಟಿಣಿಟಿಣಿ ಎನ್ನುತ್ತಿತ್ತು. ಮಾವನ ಕಿವಿಯೋ, ಊಟಕ್ಕೆ ಕೂತಲ್ಲಿಂದಲೇ ಬೀದಿಯ ಲಾರಿಯ ಯಾವ ಪ್ಲಗ್ಗು ಕೆಟ್ಟಿದೆ ಎಂದು ಹೇಳುವಂಥದ್ದು. ಈ ಸದ್ದು ಅದಕ್ಕೆ ಬಿದ್ದರೆ ಕಾರು ಷಡ್ಡಕನ ಪಾಲಾದಂತೆಯೇ.

ಅಂಗಡಿಗೆ ಬೀಗ ಹಾಕಿ ಅವನು ಕಾರಿನ ಬಾನೆಟ್ ಎತ್ತಿದ್ದೇ ತಡ, ಪಕ್ಕದ ಮನೆಯ ದರ್ಜಿ ಬಂದು ಇಣುಕಿದ. ಪೆಟ್ರೋಲು ಕಳಪೆ, ಒಳ್ಳೆಯ ದರ್ಜೆಯದು ಹಾಕಿಸಿ, ಸದ್ದು ತಾನೇ ಅಡಗುತ್ತದೆ ಎಂದು ಖಚಿತವಾಗಿ ಹೇಳಿದ. ಕನ್ನಡಕದವನು ದುಬಾರಿ ಪೆಟ್ರೋಲನ್ನು ಟ್ಯಾಂಕಿನ ತುಂಬ ಹಾಕಿಸಿಕೊಂಡು ಬಂದ. ಕಾರು ಅದನ್ನು ಸಂತೋಷವಾಗಿ ಕುಡಿದು, ಟಿಣಿಟಿಣಿ ಎಂದುಕೊಂಡೇ ದಿಬ್ಬ ಹತ್ತಿತು.

ಅಷ್ಟರಲ್ಲಿ ಎದುರು ಮನೆಯ ಹಲ್ಲಿನ ಡಾಕ್ಟರು ಹೊರಬಂದರು. ಅವರ ಪ್ರಕಾರ ಎಂಜಿನ್ನಿನ ಒಳಗೆ ಮಸಿ ಗಾರೆಗಟ್ಟಿತ್ತು, ಅದೇ ಕಾದು ಕೆಂಡವಾಗಿ ಪೆಟ್ರೋಲಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕಿಡಿ ಹಚ್ಚುತ್ತಿತ್ತು. ಹಲ್ಲನ್ನು ಶುಚಿ ಮಾಡಿದ ಹಾಗೆ ಇದನ್ನೂ ಮಾಡಬೇಕು ಎಂದು ಅದಕ್ಕೆಂದೇ ಸಿಗುವ ದ್ರಾವಣ ತರಿಸಿದರು. ಒಂದು ಮುಚ್ಚಳ ಸಾಕು ಎಂದು ಬಾಟಲಿಯ ಮೇಲೆ ಬರೆದಿತ್ತು. ಡಾಕ್ಟರು ಇಡೀ ಬಾಟಲಿ ಸುರಿದರು.

ಕಾರಿನ ಹಿಂದಿನಿಂದ ಎದ್ದ ಕಪ್ಪು ಹೊಗೆ ನೇರವಾಗಿ ಹೋಗಿ ಕೂತದ್ದು, ದರ್ಜಿ ಗಿರಾಕಿಗಳಿಗೆಂದು ಹೊಲಿದು ತೂಗುಹಾಕಿದ್ದ ಬಿಳಿ ಅಂಗಿಗಳ ಮೇಲೆ. ಸಲಹೆ ಕೊಟ್ಟ ಇಬ್ಬರೂ ಪರಸ್ಪರ ಜಗಳಕ್ಕೆ ಬಿದ್ದರು. ಕೊನೆಗೆ ಇಬ್ಬರೂ ರಾಜಿಯಾಗಿ, ತಪ್ಪೆಲ್ಲ ಕನ್ನಡಕದವನದೇ ಎಂದು ತೀರ್ಮಾನಿಸಿದರು. ಮಧ್ಯಾಹ್ನವಿಡೀ ಅವನು ಅಂಗಿ ಒಗೆದ.

ಹೊತ್ತು ಇಳಿಯುವಾಗ ಮೆಕ್ಯಾನಿಕ್ ಸಿಕ್ಕಿದ. ತನ್ನಂಥವನು ಬಾನೆಟ್ ಎತ್ತಿ ನೋಡುವ ಅಗತ್ಯವಿಲ್ಲ ಎಂಬ ಜಂಬದಲ್ಲಿ ಪಕ್ಕದ ಸೀಟಿನಲ್ಲಿ ಕೂತು, ದಿಬ್ಬ ಹತ್ತಿಸಲು ಹೇಳಿದ. ಅರ್ಧ ದಾರಿಯಲ್ಲಿ ನಗತೊಡಗಿದ.

"ಏರು ದಾರೀಲಿ ಟಾಪ್ ಗೇರಾ? ಯಾರ್ರೀ ನಿಮಗೆ ಡ್ರೈವಿಂಗ್ ಕಲಿಸಿದ್ದು?"

ಕಲಿಸಿದವರು ಆ ಹೊತ್ತಿಗೆ ರೈಲಿನಲ್ಲಿದ್ದರು.

ಹೀಗೆ ಏದುಸಿರು ಬಿಡಿಸಿದರೆ ಪೆಟ್ರೋಲು ಪ್ಲಗ್ಗಿನ ಕಿಡಿಗೆ ಮಾತ್ರ ಉರಿಯದೆ ತನ್ನಷ್ಟಕ್ಕೂ ಸಿಡಿಯುತ್ತದೆ, ಆ ಪೆಟ್ಟು ಸುತ್ತಿಗೆಯ ಹಾಗೆ ಪಿಸ್ಟನ್ನಿನ ತಲೆಗೆ ಬೀಳುತ್ತದೆ ಎಂದು ಮೆಕ್ಯಾನಿಕ್ ವಿವರಿಸಿದ. ಹೀಗೇ ಬಿಟ್ಟರೆ ಪಿಸ್ಟನ್ನಿಗೆ ತೂತು ಬೀಳುವುದೂ ಉಂಟು, ಬೇರಿಂಗು ಸವೆಯುವುದೂ ಉಂಟು, ಎಂಜಿನ್ನಿನ ಆಯಸ್ಸೇ ಅರ್ಧ. ಅವನ ಮಾತಿನಂತೆ ಎರಡನೇ ಗೇರಿಗೆ ಇಳಿಸಿದ್ದೇ ಸದ್ದು ನಿಂತುಹೋಯಿತು. ಕನ್ನಡಕದವನು ಕೆಲಸವಿಲ್ಲದಿದ್ದರೂ ಮತ್ತೆ ಮತ್ತೆ ದಿಬ್ಬ ಹತ್ತಿ ಇಳಿದ.

ಸಂಜೆ ಹೆಂಡತಿಯೊಂದಿಗೆ ಸ್ಟೇಷನ್ನಿಗೆ ಹೋದ. ಮಾವ ಮುಂದಿನ ಸೀಟಿನಲ್ಲಿ ಕೂತರು, ಅವಳು ಹಿಂದೆ. ದಿಬ್ಬದ ಬುಡದಲ್ಲಿ ಅವನು ಗೇರಿಗೆ ಕೈ ಹಾಕಿದ್ದೇ ಆ ಕೈಯ ಮೇಲೆ ಮಾವನ ಕೈ ಬಿತ್ತು.

"ಟಾಪಲ್ಲೇ ಹೋಗು. ಗೇರ್ ಇಳಿಸೋನು ಡ್ರೈವರ್ರೇ ಅಲ್ಲ ಅಂತ ಎಷ್ಟು ಸಲ ಹೇಳಿದ್ದೀನಿ."

ಅಳಿಯ ಕೈ ಹಿಂದಕ್ಕೆ ತೆಗೆದ. ಕಾರು ಎಂದೂ ಇಲ್ಲದ ಹಾಗೆ ಟಿಣಿಗುಟ್ಟಿತು. ದರ್ಜಿ, ಡಾಕ್ಟರು ತಂತಮ್ಮ ಗೇಟಿಗೆ ಬಂದು ತಲೆ ಅಲ್ಲಾಡಿಸಿದರು. ಮಾವ ಮಾತ್ರ ಸೀಟಿಗೊರಗಿ ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಮನೆ ಮುಂದೆ ನಿಲ್ಲಿಸಿದಾಗ ಕಣ್ಣು ತೆರೆದರು.

"ಒಂದು ಚೂರೂ ಸದ್ದಿಲ್ಲವಲ್ಲೋ."

ಚುಚ್ಚು ಮಾತೆಂದು ಅಳಿಯ ತಲೆ ತಗ್ಗಿಸಿದ. ಆದರೆ ಮಾವನ ಮುಖದಲ್ಲಿದ್ದದ್ದು ಅಪ್ಪಟ ಖುಷಿ.

"ಆ ಟಿಣಿಟಿಣಿ ತಡ್ಕೊಳ್ಳೋಕಾಗದೇ ಇದನ್ನ ನಿನಗೆ ದಾಟಿಸಿದ್ದು ಕಣಪ್ಪ. ನನ್ನ ಕೈಲಿ ವಾಸಿಯಾಗದ್ದನ್ನ ನೀನು ಮಾಡ್ದೆ. ಇನ್ನು ಇದನ್ನ ನಾನೇ ಇಟ್ಕೊಳ್ತೀನಿ. ನಾಳೆ ಇದರಲ್ಲೇ ಊರಿಗೆ ಹೋಗ್ತೀನಿ."

ಬೆಳಗಿನ ಫೋನಿನ ಗಂಟಲು ಯಾಕೆ ಅಷ್ಟು ಜೋರಿತ್ತೆಂದು ಕನ್ನಡಕದವನಿಗೆ ಆಗ ಹೊಳೆಯಿತು. ಕನ್ನಡಿಯಲ್ಲಿ ನೋಡಿದ. ಹೆಂಡತಿಗೂ ಹೊಳೆದಿತ್ತು, ಅವಳ ಕಣ್ಣು ತುಂಬಿತ್ತು. ಸದ್ದು ಹಾಗೇ ಇದೆ ಮಾವ, ಹೋದದ್ದು ನಿಮ್ಮ ಕಿವಿ ಎಂದು ಒಂದು ಮಾತು ಹೇಳಿದ್ದರೆ ಕಾರು ಉಳಿಯುತ್ತಿತ್ತು. ಕಣ್ಣು ಮಂಜಾಗಿದೆ ಎಂದು ದಿನವೂ ಹತ್ತಾರು ಜನಕ್ಕೆ ಮುಖಕ್ಕೆ ಮುಖ ಕೊಟ್ಟು ಹೇಳುವವನಿಗೆ ಆ ಮಾತು ನಾಲಗೆಗೆ ಬರಲಿಲ್ಲ.

"ಹೌದು ಮಾವ, ವಾಸಿಯಾಯ್ತು" ಎಂದ, ಸ್ವಲ್ಪ ಗಟ್ಟಿಯಾಗಿಯೇ.

ಮರುದಿನ ಕಾರು ಹೊರಟಾಗ ಅವನು ಕಿಟಕಿಗೆ ಬಗ್ಗಿ, ದಿಬ್ಬದಲ್ಲಿ ಎರಡನೇ ಗೇರು ಹಾಕಿದರೆ ಎಂಜಿನ್ನಿಗೆ ಒಳ್ಳೆಯದು ಎಂದು ಬೇಡಿಕೊಂಡ.

"ನಿನಗೆ ಡ್ರೈವಿಂಗ್ ಕಲಿಸಿದ್ದು ಯಾರೋ?" ಎಂದು ನಕ್ಕ ಮಾವ, ಆದಷ್ಟು ಬೇಗ ಟಾಪ್ ಗೇರಿಗೆ ಹಾಕಿದರು.

ಟಿಣಿಟಿಣಿ ದಿಬ್ಬ ಹತ್ತಿತು. ದರ್ಜಿ ಗೇಟಿಗೆ ಓಡಿಬಂದು, ಪೆಟ್ರೋಲು ಬದಲಿಸಿ ಎಂದು ಕೈ ಬೀಸಿ ಕೂಗಿದ. ಡಾಕ್ಟರು ಇನ್ನೊಂದು ಬಾಟಲಿ ಎತ್ತಿ ಹಿಡಿದು ಅಲ್ಲಾಡಿಸಿದರು. ಅಳಿಯನ ಬೀದಿಯವರು ಎಷ್ಟು ಒಳ್ಳೆಯವರು ಎಂದುಕೊಂಡು, ಮಾವ ಕಿಟಕಿಯಿಂದ ಇಬ್ಬರಿಗೂ ಕೈ ಬೀಸುತ್ತ ಹೋದರು.