ಮಾವನವರು ಸವೆಸಿದ ಪಂಪುಗಳು

ಓದುಗ ಮಹಾಶಯರ ಅವಗಾಹನೆಗೆ ತರಬಯಸುವುದೇನೆಂದರೆ, ಆಲೂರು ತಾಲ್ಲೂಕಿನಲ್ಲಿ ಸೈಕಲ್ಲಿನ ಟೈರಿಗಿಂತ ಮೊದಲು ಪಂಪನ್ನು ಸವೆಸಿದ ಏಕೈಕ ವ್ಯಕ್ತಿ ನನ್ನ ಸೋದರಮಾವ. ಇದು ಉತ್ಪ್ರೇಕ್ಷೆಯೆಂದು ಯಾರಿಗಾದರೂ ತೋರಿದಲ್ಲಿ, ಬಾಳ್ಳುಪೇಟೆಯ ಸೈಕಲ್ ಅಂಗಡಿಯ ಸಾಹೇಬರನ್ನು ವಿಚಾರಿಸಬಹುದು.

ಅತ್ತೆಯವರಿಗೆ ರಕ್ತ ಕಡಿಮೆ. ಪ್ರತಿ ಸೋಮವಾರ ಸಕಲೇಶಪುರದ ಆಸ್ಪತ್ರೆಯಲ್ಲಿ ಸೂಜಿಮದ್ದು ಆಗಲೇಬೇಕು. ಬಸ್ಸಿನ ವಾಸನೆ ಅವರಿಗೆ ಆಗದು. ಆದಕಾರಣ ಸೈಕಲ್ಲಿನ ಕ್ಯಾರಿಯರ್ ಮೇಲೆ ಗೋಣಿ ಮಡಿಸಿ ಹಾಸಿ, ಮಾವನವರೇ ಕೂರಿಸಿಕೊಂಡು ಹೋಗುತ್ತಿದ್ದರು. ಹಿಂದಿನ ಸೋಮವಾರ ದಾರಿಯಲ್ಲಿ ಗಾಳಿ ಇಳಿದು, ಪಂಪೂ ಕೈಕೊಟ್ಟು, ಇವರು ತಲುಪುವಷ್ಟರಲ್ಲಿ ಆಸ್ಪತ್ರೆಯ ಬಾಗಿಲು ಹಾಕಿತ್ತು. ಆ ವಾರವಿಡೀ ಅತ್ತೆಯವರು ಗೋಡೆ ಹಿಡಿದು ನಡೆದರು. ಇನ್ನೊಂದು ಸೋಮವಾರ ತಪ್ಪುವಂತಿರಲಿಲ್ಲ.

ಬಾಳಿಕೆಯ ಪಂಪನ್ನು ಆರಿಸುವ ಸಲುವಾಗಿ ನನ್ನನ್ನೂ ಅಂಗಡಿಗೆ ಕರೆದೊಯ್ದರು. ಮೊದಲನೆಯದರ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆ ತಳ್ಳಿದರು. ಗಾಳಿ ಸೋರಿತು, ಅನರ್ಹ. ಮತ್ತೊಂದರ ಹೊಟ್ಟೆ ಬಿಚ್ಚಿಸಿ, ಒಳಗಿನ ಚರ್ಮದ ವಾಷರನ್ನು ಮೂಸಿದರು.

"ಇದು ಯಾವ ದನದ ತೊಗಲು ಸಾಹೇಬ್ರೇ?"

"ಹೆಸ್ರು ಕೇಳೋಣ ಅಂದ್ರೆ ಅದು ಮೊದ್ಲೇ ಹೋಗ್ಬುಟ್ಟಿತ್ತು ಮಾರಾಯ್ರೇ."

ಮುಂದಿನದನ್ನು ನೆಲದ ಮೇಲೆ ಮಲಗಿಸಿ, ಅದರ ಮೇಲೆ ಹತ್ತಿ ನಿಂತರು. ಬಗ್ಗಿತು. ಸಾಹೇಬರ ತಾಳ್ಮೆಯೂ ಅಷ್ಟಕ್ಕೇ ನಿಂತಿತು.

"ಪಂಪ್ ತಗೊಳ್ಳಾಕ್ ಬಂದ್ರೋ, ಕೊಲ್ಲಾಕ್ ಬಂದ್ರೋ? ದೀಪಾವಳಿಗೆ ತಗೊಂಡಿದ್ದು ಏನ್ ಮಾಡಿದ್ರಿ? ಬೇರೆಯೋರ ಕೈಲಿ ವರ್ಷಗಟ್ಲೆ ಬರ್ತೈತೆ."

"ನಮ್ ದಾರಿ ಬ್ಯಾರೆ."

"ದಾರಿ ಒಂದೇ ಕಣ್ರೀ, ಸರ್ಕಾರದ್ದು. ಲಾರೀನೂ ಅದ್ರಲ್ಲೇ ಹೋಯ್ತಾವೆ."

ಬಗ್ಗಿದ ಪಂಪಿನ ಬಗ್ಗೆ ನಡೆದ ಚರ್ಚೆ ಇಲ್ಲಿ ಅಪ್ರಸ್ತುತ. ಕಟ್ಟಕಡೆಗೆ ಹಿತ್ತಾಳೆಯದೊಂದು ಸಕಲ ಪರೀಕ್ಷೆಗಳಲ್ಲೂ ತೇರ್ಗಡೆಯಾಯಿತು.

ಸೋಮವಾರ ನಾನೂ ಬಾಡಿಗೆ ಸೈಕಲ್ಲಿನಲ್ಲಿ ಹಿಂಬಾಲಿಸಿದೆ. ಒಂದು ದೊಡ್ಡ ಏರಿನ ಬುಡದಲ್ಲಿ ಮಾವನವರು ಗಕ್ಕನೆ ನಿಲ್ಲಿಸಿ, "ಗಾಳಿ ಹೋಗ್ಬುಟ್ಟೈತೆ, ಇಳಿಯೇ" ಎಂದರು. ಅತ್ತೆಯವರು ಟೈರಿಗೆ ಶಾಪ ಹಾಕುತ್ತ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತರು. ನೆರವಾಗಲೆಂದು ಬಗ್ಗಿ ನೋಡುತ್ತೇನೆ, ಟೈರು ಕಲ್ಲಿನಂತಿದೆ. ಮಾವನವರು ಜೋರಾಗಿ ಕೆಮ್ಮುತ್ತ, ಆ ಸದ್ದಿನ ಮರೆಯಲ್ಲಿ ವಾಲ್ವಿನ ತಿರುಪು ಸಡಿಲಿಸಿ ಗಾಳಿ ಬಿಡುತ್ತಿದ್ದಾರೆ.

"ಇದೇನ್ ಮಾವ?"

"ಮೆಲ್ಲಗ್ ಮಾತಾಡೋ. ಸುಸ್ತಾಯ್ತು, ನಿಲ್ಸಿ ಅಂತ ಅವ್ಳು ಬಾಯ್ಬಿಟ್ಟು ಹೇಳೋಳಲ್ಲ. ಉಸ್ರು ಹತ್ತಿದ್ದು ನನ್ ಬೆನ್ನಿಗೆ ಗೊತ್ತಾಯ್ತದೆ. ನಾನಾಗೇ ನಿಲ್ಸಿದ್ರೆ, ತನ್ನಿಂದ ತಡ ಆಯ್ತು ಅಂತ ಕೊರಗ್ತಾಳೆ. ಟೈರಿಂದ ತಡ ಆದ್ರೆ ಟೈರಿಗ್ ಬೈಕೊಂಡು ಕೂತ್ಕೋತಾಳೆ."

ತಿರುಪು ಬಿಗಿಸಿ, ಹಿತ್ತಾಳೆಯ ಪಂಪನ್ನು ನಿಧಾನವಾಗಿ ಒತ್ತತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ಅತ್ತೆಯವರು ಕಲ್ಲಿನ ಮೇಲಿಂದ ಕೇಳಿದರು: "ಇನ್ನೂ ತುಂಬ್ಲಿಲ್ವಾ?"

ಮಾವನವರು ಟೈರನ್ನು ಮುಟ್ಟಿ ನೋಡಲಿಲ್ಲ. ಅತ್ತೆಯವರ ಮುಖವನ್ನು ನೋಡಿದರು.

"ಇನ್ನೊಂಚೂರು ಬೇಕು ಕಣೇ" ಎಂದರು.